ಕಾಪಿಟ್ಟ ಉತ್ತರ

ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಸಾಕು, ಅದು ನನ್ನ ಗಂಟಲಲ್ಲಿ ಬಿಡಾರ ಹೂಡುತ್ತದೆ. ಬಸ್ಸಿನ ಕಂಡಕ್ಟರು, ನಮ್ಮ ಹೆಡ್‌ಮಾಸ್ತರು, ಮದುವೆ ದಲ್ಲಾಳಿ, ಎಲ್ಲರೂ ಅಲ್ಲಿದ್ದಾರೆ. ನಿನ್ನ ಸ್ವಂತದ್ದು ಯಾವುದು ಎಂದು ಕೇಳಿದರೆ ಮಾತ್ರ ಹುಡುಕಬೇಕಾಗುತ್ತದೆ.

ಈ ವಿದ್ಯೆಗೆ ಮರ್ಯಾದೆ ತಂದದ್ದು ತಲ್ಲೂರಿನಲ್ಲಿರುವ ಚಿಕ್ಕಯ್ಯನ ಸಿಗಡಿ ಕೆರೆ. ನೀರಿನ ಆಮ್ಲಜನಕ ಅಳೆಯಲು ಅವರು ಅದರಲ್ಲೊಂದು ಸೆನ್ಸರು ತೇಲಿಬಿಟ್ಟಿದ್ದರು. ಮುಂಬೈಯಲ್ಲಿರುವ ನನ್ನ ಅಣ್ಣ ಹೋಟೆಲಿನ ಗಲ್ಲೆಯಲ್ಲಿ ಕೂತು ಕೆರೆಯ ಸ್ಥಿತಿ ನೋಡಲು ಫೋನು ಒತ್ತುವನು, ನಾನು ಚಿಕ್ಕಯ್ಯನ ಮನೆಯಲ್ಲೇ ಹಾಸಿಗೆಯಲ್ಲಿ ಬಿದ್ದುಕೊಂಡು ಒತ್ತುವೆನು. ಒತ್ತಿದಾಗಲೆಲ್ಲ ಆ ಬಡಪಾಯಿ ಎದ್ದು, ಅಳೆದು, ದಡಕ್ಕೆ ಕೂಗಿ ಹೇಳಬೇಕು. ಅಳೆಯುವುದಕ್ಕಿಂತ ಕೂಗುವುದಕ್ಕೇ ಬ್ಯಾಟರಿ ಹೆಚ್ಚು ಖರ್ಚಂತೆ. ಪದೇ ಪದೇ ಸತ್ತಿತು. ಕೊನೆಗೆ ರಿಪೇರಿಯವರು ಪಂಪಿನ ಶೆಡ್ಡಿನಲ್ಲೊಂದು ಡಬ್ಬಿ ಇಟ್ಟರು. ಸೆನ್ಸರು ಕೊನೆಯದಾಗಿ ಹೇಳಿದ್ದನ್ನು ಅದು ಕಾಪಿಟ್ಟುಕೊಂಡು, ಕೇಳಿದವರಿಗೆಲ್ಲ ತಾನೇ ಹೇಳುತ್ತದೆ. ಸೆನ್ಸರು ಸುಖವಾಗಿ ಮಲಗುತ್ತದೆ. ಅವರು ಅದನ್ನು ಕ್ಯಾಶಿಂಗ್ ಅಂದರು. ನಾನು ಮಿಮಿಕ್ರಿ ಅಂದೆ.

ಅದೇ ಹೊತ್ತಿಗೆ ಚಿಕ್ಕಯ್ಯನ ಶ್ವಾಸಕೋಶ ಕೈಕೊಟ್ಟಿತು. ಮಾತು ಕಮ್ಮಿ ಮಾಡಿ ಎಂದರು ಡಾಕ್ಟರು. ಬರುವ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ: "ಈಗ ಹ್ಯಾಂಗಿದ್ರಿ?" ಒಂದೊಂದು ಉತ್ತರಕ್ಕೂ ಅವರ ಉಸಿರು ಖರ್ಚು. ಸಾಕಾಗಿ ಫೋನನ್ನು ನನ್ನ ಕೈಗೆ ತುರುಕಿ, "ನನ್ ಸ್ವರ್ದಂಗೆ ನೀನೇ ಹೇಳ್ ಮಾಣಿ" ಎಂದರು. ಅಂದಿನಿಂದ ನಾನು ಅವರ ಡಬ್ಬಿ. ಬೆಳಿಗ್ಗೆ ಅವರು ಒಮ್ಮೆ ಹೇಳಿದ "ಅಡ್ಡಿಲ್ಲೆ", ಅಂದರೆ ತೊಂದರೆಯಿಲ್ಲ, ಎಂಬ ಮಾತನ್ನೇ ದಿನವಿಡೀ ಹಂಚುತ್ತಿದ್ದೆ.

ಒಂದು ಸಂಜೆ ವಂಡ್ಸೆಯಿಂದ ಅವರ ತಂಗಿ, ನಮ್ಮ ಅತ್ತೆ, ಫೋನು ಮಾಡಿದರು. "ಅಡ್ಡಿಲ್ಲೆ" ಎಂದೆ.

"ಹ್ವಾಯ್ ಮಾಣಿ, ಸ್ವರ ಲಾಯ್ಕಿತ್ತ್. ಆದ್ರೆ ಇದ್ ಬೆಳಿಗ್ಗಿ ಅಣ್ಣ. ಈಗಿನ್ ಅಣ್ಣ ಹ್ಯಾಂಗಿದ್ದ? ಒಳ್ಗ್ ಹೋಯ್ ಕಾಣ್."

ಹೋಗಿ ಕಂಡೆ. ಚಿಕ್ಕಯ್ಯ ಕಿಟಕಿಯ ಸರಳು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದರು. ತುಟಿ ನೀಲಿಯಾಗಿತ್ತು. ಕುಂದಾಪುರದ ಆಸ್ಪತ್ರೆಯನ್ನು ಹೇಗೋ ಹೊತ್ತಿಗೆ ಮುಟ್ಟಿದೆವು.

ಶೆಡ್ಡಿನ ಡಬ್ಬಿಗೆ ಒಂದು ಅವಧಿ ಇಟ್ಟಿರುತ್ತಾರೆ. ಅದು ಮೀರಿದರೆ, ಕಾಪಿಟ್ಟದ್ದನ್ನು ಎಸೆದು ಅದು ಮತ್ತೆ ಕೆರೆಯನ್ನೇ ಕೇಳುತ್ತದೆ. ನನಗೆ ಅವಧಿ ಇಟ್ಟವರು ಅತ್ತೆ.

ಮನೆಗೆ ಮರಳಿದ ಚಿಕ್ಕಯ್ಯ, ಮೂಗಿನಲ್ಲಿ ಆಮ್ಲಜನಕದ ನಳಿಕೆ ಇಟ್ಟುಕೊಂಡೇ ಕೇಳಿದರು: "ಕೆರಿ ನೀರ್ ಹ್ಯಾಂಗಿತ್ತ್?"

ಫೋನಿನತ್ತ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ಕಂಡ್ಕಂಡ್ ಬತ್ತೆ" ಎಂದೆ, ನನ್ನದೇ ಸ್ವರದಲ್ಲಿ.