ಪರದೆಯ ಮೇಲೆ ನಾನು ಓದದೇ ಬಿಟ್ಟ ಪತ್ರ

ಸಿರುಗುಪ್ಪದಿಂದ ನನ್ನ ನಾದಿನಿ ಫೋನ್ ಮಾಡಿ, "ವೈನಿ, ಕುರುಗೋಡಿನಾಗ ಆ ರೈಲ್ವೆ ಸ್ಟೇಷನ್ ಸಿನಿಮಾ ತೋರಸ್ತಾರಂತ, ನಾನೂ ಬರ್ತೀನ್ರಿ" ಎಂದಾಗ ನನ್ನ ಬಾಯಿಂದ ಥಟ್ಟನೆ ಬಂದದ್ದು ಸುಳ್ಳು.

"ಅದು ಕ್ಯಾನ್ಸಲ್ ಆಗಬಹುದು ನೋಡು."

"ಹೆಂಗ ಕ್ಯಾನ್ಸಲ್ ಆಗ್ತೈತ್ರಿ? ಪೋಸ್ಟರ್ ವಾಟ್ಸ್ಯಾಪಿನಾಗ ಬಂದೈತಿ. ಅದರಾಗ ನಿಮ್ಮ ಫೋಟೋನೂ ಐತಿ. ಹತ್ತು ವರ್ಷ ಸಣ್ಣಾಕಿಯಂಗ ಕಾಣ್ತೀರಿ."

ಫೋನ್ ಇಟ್ಟ ಮೇಲೆ ಪಾರ್ವತಿನಗರದ ನನ್ನ ಮನೆಯ ವರಾಂಡದಲ್ಲಿ ಕೂತು ಆ ಪೋಸ್ಟರನ್ನು ಮತ್ತೆ ತೆಗೆದು ನೋಡಿದೆ. ಆ ಸಿನಿಮಾವನ್ನು ಆಕೆ ಮತ್ತೆ ನೋಡಿದರೆ, ಸುಮಾರು ಐವತ್ತು ವರ್ಷಗಳ ಹಿಂದೆ ನಾನು ಆಕೆಗೆ ಮಾಡಿದ್ದು ಆಕೆಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಆಕೆ ನನ್ನನ್ನು ವೈನಿ ಎಂದು ಕರೆಯುತ್ತಾಳೆಯೇ? ನನಗಿದ್ದ ಭಯ ಇದೊಂದೇ.

ಎಪ್ಪತ್ತರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಒಂದು ಸಣ್ಣ ಫಿಲ್ಮ್ ಸೊಸೈಟಿ ಇತ್ತು. ನನ್ನ ಗಂಡ ಅದರ ಕಾರ್ಯದರ್ಶಿ, ಮಾವನವರು ಅಧ್ಯಕ್ಷರು. ತಿಂಗಳಿಗೊಮ್ಮೆ ತಗಡಿನ ಡಬ್ಬಿಗಳಲ್ಲಿ ಯಾವುದೋ ದೂರದೇಶದ ಸಿನಿಮಾದ ರೀಲುಗಳು ರೈಲಿನಲ್ಲಿ ಬರುತ್ತಿದ್ದವು. ಬ್ರೂಸ್‌ಪೇಟೆಯ ಒಂದು ಛತ್ರದ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸುತ್ತಿದ್ದೆವು. ಸಿನಿಮಾ ಜಪಾನಿನದಾದರೂ ಹಂಗೇರಿಯದಾದರೂ ಅಡಿಯಲ್ಲಿ ಇಂಗ್ಲಿಷ್ ಸಬ್‌ಟೈಟಲ್. ಬಂದವರಲ್ಲಿ ಮುಕ್ಕಾಲು ಮಂದಿ ವ್ಯಾಪಾರದವರು, ಗುಮಾಸ್ತರು, ಅವರ ಹೆಂಡಂದಿರು; ಇಂಗ್ಲಿಷನ್ನು ಆ ಸ್ಪೀಡಿನಲ್ಲಿ ಓದಬಲ್ಲವರು ನಾಲ್ಕೈದು ಜನ ಮಾತ್ರ. ಹಾಗಾಗಿ ಕಾನ್ವೆಂಟಿನಲ್ಲಿ ಓದಿದ ಸೊಸೆಯನ್ನು ಪ್ರೊಜೆಕ್ಟರ್ ಪಕ್ಕ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಮೈಕ್ ಕೊಟ್ಟರು. ಪರದೆಯ ಮೇಲೆ ಸಾಲು ಮೂಡಿದ ಹಾಗೆ ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ರೀಲ್ ಬದಲಿಸುವ ಬಿಡುವಿನಲ್ಲಿ, ಆವರೆಗೆ ಏನಾಯಿತೆಂದು ತಡವಾಗಿ ಬಂದವರಿಗೆ ಹೇಳಬೇಕು. ಬೇರೆ ಊರುಗಳಲ್ಲಿ ಹೀಗೆ ಮಾಡುತ್ತಿದ್ದರೋ ಇಲ್ಲವೋ ನಾನರಿಯೆ. ನಮ್ಮಲ್ಲಿ ಅದೇ ರೂಢಿಯಾಯಿತು. ಜನ ಪರದೆಯನ್ನು ಕಣ್ಣಿನಿಂದ ನೋಡುತ್ತಿದ್ದರು, ಕಥೆಯನ್ನು ನನ್ನ ಬಾಯಿಂದ ಕೇಳುತ್ತಿದ್ದರು.

ಆನೆಸ್ಟ್ಲಿ, ನನ್ನ ಬದುಕಿನಲ್ಲಿ ಅಷ್ಟು ಸುಖ ಮತ್ತೆ ಸಿಗಲಿಲ್ಲ. ಮನೆಯಲ್ಲಿ ಮಾವನವರ ಎದುರು ತಲೆಯೆತ್ತಿ ಮಾತಾಡದ ನಾನು ಆ ಕತ್ತಲೆಯಲ್ಲಿ ಸೈನಿಕ, ಸೂಳೆ, ಪಾದ್ರಿ, ಕಳ್ಳ ಎಲ್ಲರ ಮಾತನ್ನೂ ಆಡುತ್ತಿದ್ದೆ.

ಅಂಥದೊಂದು ವರ್ಷ ನಾದಿನಿ ಗಂಡನ ಮನೆಯಿಂದ ಬಂದು ನಮ್ಮಲ್ಲಿದ್ದಳು. ಕುರುಗೋಡಿನ ಸಾಲೆಯೊಂದರಲ್ಲಿ ಟೀಚರ್ ಕೆಲಸದ ಆರ್ಡರ್ ಆಕೆಗೆ ಬಂದಿತ್ತು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದ ಗಂಡ, ಕೆಲಸ ಬೇಕಾದರೆ ಮನೆ ಬೇಡ ಎಂದಿದ್ದ. ಆಕೆ ಎರಡು ತಿಂಗಳಿಂದ ಆರ್ಡರನ್ನು ಟ್ರಂಕಿನ ತಳದಲ್ಲಿಟ್ಟು, ಹೋಗುವುದೋ ಬಿಡುವುದೋ ಎಂದು ತೂಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಆ ಸಿನಿಮಾ ಬಂತು.

ಪೂರ್ವ ಯುರೋಪಿನ ಚಿತ್ರ. ಹಿಮ ಬೀಳುವ ಸಣ್ಣ ಊರು, ಒಬ್ಬ ಗೃಹಿಣಿ, ಹೆಚ್ಚು ಮಾತಿಲ್ಲ. ಕೊನೆಯ ರೀಲಿನಲ್ಲಿ ಆಕೆ ಅಡುಗೆಮನೆಯ ಮೇಜಿನ ಮೇಲೆ ಗಂಡನಿಗೊಂದು ಪತ್ರ ಬರೆದಿಟ್ಟು ಸ್ಟೇಷನ್ನಿಗೆ ನಡೆಯುತ್ತಾಳೆ. ಒಂದು ರೈಲು ಬಂದು ಹೋಗುತ್ತದೆ. ಖಾಲಿ ಪ್ಲಾಟ್‌ಫಾರ್ಮ್. ಅಲ್ಲಿಗೆ ಮುಗಿಯಿತು. ಪತ್ರದಲ್ಲಿದ್ದದ್ದು ಇಷ್ಟು: ನಾನು ತಿರುಗಿ ಬರುವುದಿಲ್ಲ, ಕೀಲಿ ಪಕ್ಕದ ಮನೆಯಲ್ಲಿದೆ, ಸಿಟ್ಟಿಲ್ಲ, ಇಲ್ಲಿರಲು ಆಗುವುದಿಲ್ಲ.

ನಾನು ಓದಿದ್ದು ಬೇರೆ. ಸಾಯಂಕಾಲದೊಳಗೆ ಬರುತ್ತೇನೆ, ಒಲೆ ಆರದ ಹಾಗೆ ನೋಡಿಕೊಳ್ಳಿ ಎಂದು ಓದಿದೆ. ಖಾಲಿ ಪ್ಲಾಟ್‌ಫಾರ್ಮ್ ಕಂಡಾಗ, "ಆಕೆ ಮನಸ್ಸು ಬದಲಿಸಿ ಮನೆಗೆ ಹೋದಳು" ಎಂದೆ. ಜನ ನಂಬಿದರು. ಪ್ಲಾಟ್‌ಫಾರ್ಮ್ ಖಾಲಿಯಿತ್ತಲ್ಲ, ಅದು ಎರಡಕ್ಕೂ ಒಪ್ಪುತ್ತಿತ್ತು.

ಯಾಕೆ ಹಾಗೆ ಮಾಡಿದೆ? ಮುಂದಿನ ಸಾಲಿನ ಬೆತ್ತದ ಕುರ್ಚಿಯಲ್ಲಿ ಮಾವನವರಿದ್ದರು. ಹಿಂದಿನ ತಿಂಗಳಷ್ಟೇ, "ಮನಿ ಹೆಣ್ಣುಮಕ್ಕಳ ತಲಿ ಕೆಡಸೋ ಚಿತ್ರ ಬಂದ್ರ ಸೊಸೈಟಿ ಬಾಗಲಾ ಹಾಕ್ತೀನಿ" ಎಂದಿದ್ದರು. ನಾದಿನಿಯ ಸಂಸಾರ ಉಳಿಯಲೆಂದು ಓದಿದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ನಿಜವಲ್ಲ. ನನ್ನ ಕೈಯ ಮೈಕ್ ಹೋಗಬಾರದೆಂದು ಓದಿದೆ.

ಎಂಟು ದಿನದಲ್ಲಿ ಆಕೆ ಟ್ರಂಕ್ ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೋದಳು. ಗಂಡ ಕೆಟ್ಟವನಾಗಿರಲಿಲ್ಲ. ಕೈ ಎತ್ತಿದವನಲ್ಲ, ಉಪವಾಸ ಕೆಡವಿದವನಲ್ಲ. ಆದರೆ ಆಕೆ ಟೀಚರ್ ಆಗಲಿಲ್ಲ. ಮುಂದೆ ಆಕೆ ತನ್ನ ಸೊಸೆಯಂದಿರಿಗೂ ಮೊಮ್ಮಗಳಿಗೂ ಆ ಕಥೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. "ಫಾರಿನ್‌ದಾಕಿ ಆದ್ರೂ ನೋಡ್ರಿ, ಒಲಿ ಆರಬಾರ್ದು ಅಂತ ಬರದಿಟ್ಟಿದ್ಲು." ಆ ಒಲೆ ನನ್ನದು. ಆ ಪತ್ರದಲ್ಲಿ ಒಲೆಯ ಮಾತೇ ಇರಲಿಲ್ಲ.

ಈಗ ಇಲ್ಲಿನ ಕಾಲೇಜೊಂದರ ಲೆಕ್ಚರರ್, ಚುರುಕಾದ ಹುಡುಗಿ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರಲ್ಲಿ ಫಿಲ್ಮ್ ಅಪ್ರಿಸಿಯೇಷನ್ ಕ್ಲಾಸ್ ಇಟ್ಟುಕೊಂಡಿದ್ದಳು. ಇಪ್ಪತ್ತನೇ ಶತಮಾನದ ಉತ್ತರಾರ್ಧದ ವಿಶ್ವ ಸಿನಿಮಾದ ಬಗ್ಗೆ ಮಾತಾಡಲು ನನ್ನನ್ನು ಕರೆದಳು. ಕೊನೆಯ ಕ್ಲಾಸಿಗೆ ಯಾವ ಚಿತ್ರ ಎಂದು ನಾನು ಕೇಳಲೇ ಇಲ್ಲ. ಪೋಸ್ಟರ್ ಬಂದ ಮೇಲೆ ಫೋನ್ ಮಾಡಿ, "ಅದರ ಪ್ರಿಂಟ್ ಬಹಳ ಕೆಟ್ಟದಮ್ಮಾ, ಬೇರೆ ಹಾಕು" ಎಂದೆ.

"ಮೇಡಂ, ರಿಸ್ಟೋರ್ ಮಾಡಿದ್ದು ಸಿಕ್ಕೈತಿ, ಗಾಜಿನಂಗ ಐತಿ. ಕನ್ನಡ ಸಬ್‌ಟೈಟಲ್ ನಮ್ಮ ಹುಡುಗ್ಯಾರೇ ಮಾಡ್ಯಾರ."

ಇನ್ನೇನು ಹೇಳುವುದು?

ಭಾನುವಾರ ಮಧ್ಯಾಹ್ನ ಲೆಕ್ಚರರ್ ಹುಡುಗಿಯ ಕಾರಿನಲ್ಲಿ ಕುರುಗೋಡು ತಲುಪಿದಾಗ, ಸಿರಿಗೇರಿಯಲ್ಲಿ ಬಸ್ಸು ಬದಲಿಸಿ ಬಂದ ನಾದಿನಿ ಹಾಲಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಡಬ್ಬಿ, ಬಟ್ಟೆಯ ಚೀಲ. ಎರಡು ದಿನ ನನ್ನ ಮನೆಯಲ್ಲಿ ಇರುವ ಲೆಕ್ಕದಲ್ಲಿ ಬಂದಿದ್ದಳು. ಕ್ಲಾಸಿನ ಒಬ್ಬ ಹುಡುಗಿ ನಗುತ್ತಾ ಕೇಳಿದಳು, "ಅಜ್ಜಿ, ಇವರು ಲೈವ್ ಡಬ್ಬಿಂಗ್ ಮಾಡ್ತಿದ್ರಂತ, ಖರೇ ಏನ್ರಿ?"

"ಡಬ್ಬಿಂಗ್ ಅಲ್ಲಲೇ," ಎಂದಳು ನಾದಿನಿ, "ಹೀರೋನೂ ಇವ್ರ, ಹೀರೋಯಿನ್ನೂ ಇವ್ರ, ನಾಯಿ ಬೊಗಳಿದ್ರೂ ಇವ್ರ. ಆ ಸಿನಿಮಾದವ್ರು ಸುಮ್ನ ಬಾಯಿ ಆಡಸ್ತಿದ್ರು ಅಷ್ಟ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲ ಒಂದು ಗಂಟೆ ನನ್ನ ಲೆಕ್ಚರ್. ಮಹಾಯುದ್ಧ ಮುಗಿದ ಮೇಲೆ ಇಟಲಿಯವರು ಸ್ಟುಡಿಯೋ ಬಿಟ್ಟು ಬಾಂಬಿಗೆ ಕುಸಿದ ಬೀದಿಗೆ ಕ್ಯಾಮೆರಾ ತಂದದ್ದು, ಫ್ರಾನ್ಸಿನ ಹುಡುಗರು ಅದನ್ನು ಹೆಗಲ ಮೇಲಿಟ್ಟು ಓಡಿದ್ದು, ಲ್ಯಾಟಿನ್ ಅಮೆರಿಕದವರು ಹಸಿವನ್ನೇ ಚಿತ್ರದ ಭಾಷೆ ಮಾಡಿದ್ದು, ಶತಮಾನದ ಕೊನೆಗೆ ಇರಾನಿನವರು ಒಂದು ಮಗುವಿನ ಸಣ್ಣ ಸಂಕಟದಲ್ಲಿ ಇಡೀ ದೇಶವನ್ನು ತೋರಿಸಿದ್ದು, ಎಲ್ಲ ಹೇಳಿದೆ. ಪೂರ್ವ ಯುರೋಪಿಗೆ ಬಂದಾಗ ಸೆನ್ಸಾರ್ ಮಾತು ಬಂತು. ಅಲ್ಲಿನ ನಿರ್ದೇಶಕರು ಕತ್ತರಿ ತಪ್ಪಿಸಲು ಹೇಳಬೇಕಾದ್ದನ್ನು ಖಾಲಿ ಜಾಗಗಳಲ್ಲಿ, ಮೌನದಲ್ಲಿ ಅಡಗಿಸುತ್ತಿದ್ದರು ಎಂದೆ. ಆ ಕತ್ತರಿಯನ್ನೂ ದಾಟಿ ಬಳ್ಳಾರಿಯವರೆಗೆ ಬಂದ ಪತ್ರವನ್ನು ಕತ್ತರಿಸಿದಾಕೆ ನಿಮ್ಮ ಎದುರಿಗೇ ನಿಂತಿದ್ದಾಳೆ ಎಂದು ಹೇಳಲಿಲ್ಲ. ಮೂರನೇ ಸಾಲಿನಲ್ಲಿ ನಾದಿನಿ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದಳು.

ಕಿಟಕಿಗೆ ಕಪ್ಪು ಬಟ್ಟೆ ಹಾಕಿದರು. ನಾನು ಆಕೆಯ ಪಕ್ಕ ಕೂತೆ. ಚಿತ್ರ ನಿಜಕ್ಕೂ ಗಾಜಿನಂತಿತ್ತು. ನಮ್ಮ ಪಂಚೆಯ ಮೇಲೆ ಬೂದುಬಣ್ಣದ ಮಬ್ಬಾಗಿದ್ದ ಮುಖಗಳಿಗೆ ಈಗ ರೆಪ್ಪೆ, ಸುಕ್ಕು, ತುಟಿಯ ಬಿರುಕು ಎಲ್ಲ ಇದ್ದವು. ನನಗೆ ಯಾವುದೂ ರುಚಿಸಲಿಲ್ಲ. ಪ್ರತಿ ದೃಶ್ಯಕ್ಕೂ ಇನ್ನೆಷ್ಟು ಉಳಿಯಿತು ಎಂದು ಎಣಿಸುತ್ತಿದ್ದೆ. ಕರೆಂಟು ಹೋಗಲಿ ಎಂದು ಹರಕೆ ಹೊತ್ತದ್ದೂ ಉಂಟು, ಅದೂ ಈ ವಯಸ್ಸಿನಲ್ಲಿ. ಕರೆಂಟು ಹೋಗಲಿಲ್ಲ.

ಅಡುಗೆಮನೆ ಬಂತು. ಮೇಜು, ಬಿಳಿ ಕಾಗದ, ಕಿಟಕಿಯಾಚೆ ಹಿಮ. ಆ ಗೃಹಿಣಿಯ ದನಿ ಪತ್ರ ಓದತೊಡಗಿತು. ಕೆಳಗೆ ಕನ್ನಡದ ಸಾಲು ಮೂಡಿತು. ಬಿಳಿಯ ಮೇಲೆ ಬಿಳಿ ಅಕ್ಷರ.

ನಾದಿನಿ ಮೊಣಕೈಯಿಂದ ತಿವಿದಳು. "ವೈನಿ, ಓದ್ರಿ. ಕಣ್ಣಿನ ಆಪರೇಷನ್ ಆದಾಗಿಂದ ಇಂಥಾವು ಕಾಣವಲ್ಲವು."

ಮೊದಲ ಸಾಲು ಹೋಯಿತು. ನನ್ನ ಬಾಯಲ್ಲಿ ಹಳೆಯ ಮಾತು ಸಿದ್ಧವಾಗಿ ಕೂತಿತ್ತು. ಒಲೆ ಆರದ ಹಾಗೆ. ಅಷ್ಟು ಅಂದುಬಿಟ್ಟರೆ ಮುಗಿಯಿತು. ಆಕೆ ಡಬ್ಬಿ ತೆಗೆದು ಮಂಡಕ್ಕಿ ಕೊಡುತ್ತಾಳೆ, ಇಬ್ಬರೂ ಬಳ್ಳಾರಿಗೆ ಹೋಗುತ್ತೇವೆ.

"ಓದ್ರಿ ಅಂದ್ರ!"

"ನಾ ತಿರುಗಿ ಬರಂಗಿಲ್ಲ," ಎಂದೆ. "ಕೀಲಿ ಬಾಜೂ ಮನ್ಯಾಗ ಐತಿ. ಸಿಟ್ಟಿಲ್ಲ. ಇಲ್ಲಿ ಇರಾಕ ಆಗಂಗಿಲ್ಲ."

ಆಕೆ ನನ್ನ ಕಡೆ ತಿರುಗಲಿಲ್ಲ. "ಇನ್ನೊಮ್ಮೆ ಹೇಳ್ರಿ" ಎಂದಳು. ಇನ್ನೊಮ್ಮೆ ಹೇಳಿದೆ. ರೈಲು ಬಂದು ಹೋಯಿತು, ಪ್ಲಾಟ್‌ಫಾರ್ಮ್ ಖಾಲಿಯಾಯಿತು, ದೀಪ ಹಾಕಿದರು. ಹುಡುಗಿಯರು ಚಪ್ಪಾಳೆ ತಟ್ಟುವಾಗ ಆಕೆ ಎದ್ದು ಹೊರಗೆ ಹೋದಳು.

ಹಾಲಿನ ಹಿಂದೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದಳು. ಬಿಸಿಲು ಇನ್ನೂ ಇತ್ತು. ನಾನು ನಿಂತೇ ಇದ್ದೆ.

"ಅವತ್ತ ನೀವು ಬ್ಯಾರೆ ಓದಿದ್ರಿ."

"ಹೂಂ."

"ಅಪ್ಪಾಗ ಅಂಜಿ?"

"ಮೈಕ್ ಹೋದೀತಂತ ಅಂಜಿ."

ಆಕೆ ಚೀಲವನ್ನು ಪಕ್ಕಕ್ಕಿಟ್ಟಳು. "ಸಿನಿಮಾ ನೋಡಿ ನಾ ಗಂಡನ ಮನಿಗೆ ಹೋದೆ ಅಂತ ತಿಳಕೊಂಡೀರೇನು? ಅಷ್ಟು ದಡ್ಡಿ ಅಲ್ಲ ನಾನು. ಹೋಗಾಕೇ ಇದ್ದೆ, ಹೋದೆ. ಆದ್ರ ವೈನಿ, ಬಿಟ್ಟು ಹೋಗಬೇಕು ಅನ್ನೋ ವಿಚಾರ ಜಗತ್ತಿನಾಗ ನನಗೊಬ್ಬಾಕಿಗೇ ಬಂದೈತಿ, ನಂದ ತಲಿ ಕೆಟ್ಟೈತಿ ಅಂತ ತಿಳಕೊಂಡು ಇಷ್ಟು ವರ್ಷ ಬಾಳೇ ಮಾಡೀನಿ. ಅಲ್ಲೆ ಹಿಮದಾಗ ಇನ್ನೊಬ್ಬಾಕಿ ಇದ್ಲು. ಆಕೀನ್ನ ನೀವು ಮುಚ್ಚಿಟ್ರಿ."

ಚಿತ್ರಕ್ಕೆ ಮೊದಲು ವಿಶ್ವ ಸಿನಿಮಾ ಎಂದರೇನೆಂದು ನಲವತ್ತು ಹುಡುಗಿಯರಿಗೆ ಪಾಠ ಮಾಡಿದ್ದೆ. ಅದನ್ನೇ ಆಕೆ ಕಟ್ಟೆಯ ಮೇಲೆ ಕೂತು ನಾಲ್ಕು ಮಾತಿನಲ್ಲಿ ಹೇಳಿದಳು.

"ಇನ್ನ ಎಷ್ಟು ಬದಲ್ ಮಾಡೀರಿ?"

"ಒಟ್ಟು ಮೂರು. ಇದೊಂದು. ಆ ಪಾದ್ರಿದು ಇತ್ತಲ್ಲ, ಕೊನೀಗೆ ಯಾತ್ರೆಗೆ ಹೋದ ಅಂದಿದ್ದೆ. ಯಾತ್ರೆ ಅಲ್ಲ, ಅವನಿಗೆ ದೇವರ ಮೇಲಿನ ನಂಬಿಕೆನೇ ಹೋಗಿತ್ತು."

"ಮೂರನೇದು?"

ಯುದ್ಧದಿಂದ ವರ್ಷಗಳ ಮೇಲೆ ಮಗ ಊರಿಗೆ ಬಂದು ತಾಯಿಯ ಬಾಗಿಲು ಬಡಿಯುವ ಚಿತ್ರ. ತಾಯಿ ಅಪ್ಪಿಕೊಂಡಳು ಎಂದು ನಾನು ಹೇಳಿದ್ದೆ, ಇಡೀ ಹಾಲು ಮೂಗು ಒರೆಸಿಕೊಂಡಿತ್ತು. ಆದರೆ ನಿಜವಾಗಿ ಏನಾಯಿತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ನನ್ನ ಸುಳ್ಳಷ್ಟೇ ತಲೆಯಲ್ಲಿ ಉಳಿದಿತ್ತು. ಹಾಗೆಂದೇ ಹೇಳಿದೆ.

ಆಕೆ ಚೀಲ ಹೆಗಲಿಗೇರಿಸಿದಳು. "ಹುಡುಕ್ರಿ. ಸಿಕ್ಕ ಮ್ಯಾಲ ಫೋನ್ ಮಾಡ್ರಿ. ಅಲ್ಲೀತನಕ ಬ್ಯಾಡ." ಬಳ್ಳಾರಿಯ ಕಾರು ಹತ್ತಲಿಲ್ಲ, ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಚಿತ್ರದ ಹೆಸರು ಗೊತ್ತಿಲ್ಲ, ದೇಶವೂ ಖಾತ್ರಿಯಿಲ್ಲ. ಕಪ್ಪುಬಿಳುಪು, ಕಲ್ಲಿನ ಮನೆ, ಹಂಡೆಯಲ್ಲಿ ಬಟ್ಟೆ ಕುದಿಸುವ ತಾಯಿ, ಇಷ್ಟನ್ನು ಲೆಕ್ಚರರ್ ಹುಡುಗಿಗೆ ಹೇಳಿದೆ. ಆಕೆ ಕಳಿಸಿದ ಒಂದೊಂದನ್ನೂ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ನೋಡಿದೆ. ಎಲ್ಲ ಬೇರೆ ತಾಯಂದಿರು. ಮೂರು ವಾರ ಸಿರುಗುಪ್ಪದಿಂದ ಫೋನಿಲ್ಲ. ಐವತ್ತು ವರ್ಷದಲ್ಲಿ ಅಷ್ಟು ದಿನ ನಾವು ಮಾತಾಡದೆ ಇದ್ದದ್ದಿಲ್ಲ.

ಮೊನ್ನೆ ಬೆಳಿಗ್ಗೆ ಸಿಕ್ಕಿತು. ಅದೇ ಹಂಡೆ. ಕೊನೆಯವರೆಗೂ ಎದ್ದೇಳದೆ ನೋಡಿದೆ, ಆಮೇಲೆ ಕೊನೆಯನ್ನು ಎರಡು ಸಲ ನೋಡಿದೆ. ಫೋನ್ ಹಚ್ಚಿದೆ.

"ಸಿಕ್ತೇನ್ರಿ?"

"ಸಿಕ್ತು. ತಾಯಿ ಬಾಗಲಾ ತೆಗಿಯಂಗಿಲ್ಲ. ಒಳಗ ನಿಂತು ಅವನ ದನಿ ಕೇಳ್ತಾಳ. ಅವ ತಿರುಗಿ ಹೋಗ್ತಾನ."

"ಆಮ್ಯಾಲ?"

"ಅಷ್ಟ."

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು. "ನಾ ಅವತ್ತ ಅದಕ್ಕ ಎಷ್ಟು ಅತ್ತಿದ್ದೆ," ಎಂದಳು. ಆಮೇಲೆ, "ಮುಂದಿನ ವಾರ ಬರ್ತೀನಿ. ಹಚ್ಚಿ ಕೊಡ್ರಿ, ನೋಡ್ತೀನಿ. ಆದ್ರ ನೀವು ಓದಬ್ಯಾಡ್ರಿ. ಮೊಮ್ಮಗಳನ್ನ ಕರಕೊಂಡು ಬರ್ತೀನಿ, ಆಕಿ ಓದ್ತಾಳ."

ಆಗಲಿ ಎಂದೆ.