ಟೊಕಾಯ್‌ಗೆ ಹೊರಟ ಸ್ಟೀಲ್ ಲೋಟ

ಗೆಳೆಯರೇ, ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಸ್ಕೂಲು ಅರ್ಧಕ್ಕೆ ಬಿಟ್ಟಿದ್ದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಆದರೆ ಸಿಡ್ನಿಯ ಟೂಂಗಾಬಿಯಲ್ಲಿ ನಾನು ಕೆಲಸ ಮಾಡುವುದು ವೈನ್ ಅಂಗಡಿಯಲ್ಲಿ ಎಂದು ಒಂದೇ ಮನೆಯಲ್ಲಿರುವ ಅಕ್ಕನಿಗೆ ಎರಡು ವರ್ಷದಿಂದ ಹೇಳಿರಲಿಲ್ಲ. ಅವಳು ದಿನಸಿ ಅಂಗಡಿ ಎಂದುಕೊಂಡಿದ್ದಳು, ನಾನೂ ಹಾಗೇ ಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ನನ್ನ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಾ ಕೇಳಿದಳು: "ಅಲ್ವೋ, ದಿನಸಿ ಅಂಗಡಿಯೋರು ನಿನ್ನ ಹಂಗೇರಿಗೆ ಯಾಕೋ ಕರ್ಕೊಂಡು ಹೋಗ್ತಾರೆ?"

ಸುಳ್ಳು ಹೊತ್ತುಕೊಂಡು ವಿಮಾನ ಹತ್ತಲು ಮನಸ್ಸಾಗಲಿಲ್ಲ. ಅವಳು ಬೇಡ ಅಂದರೆ ಉಳಿದುಬಿಡುವುದು ಎಂದುಕೊಂಡೇ ಎಲ್ಲ ಹೇಳಿದೆ. ಹಂಗೇರಿಯ ಟೊಕಾಯ್ ನಮ್ಮ ಅಂಗಡಿ ಓನರ್ ಹುಟ್ಟಿದ ಊರು, ವೈನಿಗೆ ಹೆಸರಾದದ್ದು. ಅವನ ತಂಗಿಯ ಮನೆಯಲ್ಲಿ ವಾಸ, ಸಂಜೆ ಸಂಗೀತ ಕಚೇರಿ, ಹಗಲೆಲ್ಲ ವೈನ್ ರುಚಿ ನೋಡುವುದು.

"ಕುಡೀತೀಯಾ?"

"ಆಗೊಮ್ಮೆ ಈಗೊಮ್ಮೆ. ಆದ್ರೆ ಅಲ್ಲಿ ಹತ್ತಾರು ವೈನ್ ಇರತ್ತೆ, ಮತ್ತೇರಬಾರ್ದು ಅಂತ ರುಚಿ ನೋಡಿ ಉಗೀಬೇಕು ಅಕ್ಕ."

"ಎಲ್ಲಿಗೆ?"

"ಟೇಬಲ್ ಮೇಲೆ ಒಂದು ಬಕೆಟ್ ಇರತ್ತೆ, ಎಲ್ರಿಗೂ."

ಅಲ್ಲಿಯವರೆಗೆ ತಣ್ಣಗಿದ್ದ ಅಕ್ಕ ಎದ್ದು ನಿಂತಳು. "ಥೂ! ಎಲ್ಲರ ಎಂಜಲೂ ಒಂದೇ ಬಕೆಟ್‌ಗಾ? ಅದಕ್ಕಿಂತ ನುಂಗ್ಬಿಡೋ!"

ಅಡುಗೆಮನೆಗೆ ಹೋದವಳು ಒಂದು ಸ್ಟೀಲ್ ಲೋಟ ತಂದು ಚಟ್ನಿಪುಡಿಯ ಪಕ್ಕ ತುರುಕಿದಳು. "ನೀನು ಇದ್ರಲ್ಲಿ ಉಗಿ. ಲೋಟ ಮಾತ್ರ ವಾಪಸ್ ತರಬೇಡ."

ಎರಡು ವರ್ಷ ನಾನು ಸುಮ್ಮನೆ ವೈನಿಗೆ ಹೆದರಿದ್ದೆ, ಅಕ್ಕನಿಗೆ ತಪ್ಪು ಕಂಡದ್ದು ಬಕೆಟ್ಟಿನಲ್ಲಿ. ನಾಳೆ ಬೆಳಿಗ್ಗೆ ಹೊರಡುತ್ತೇನೆ.