ಸೇತುವೆ ಎದುರು ಅಮ್ಮನ ಫೋಟೊ

ಸ್ನೇಹಿತರೇ, ಇವತ್ತು ಸಂಜೆ ಹರಿಹರದ ಹೊಳೆ ದಂಡೆಯಲ್ಲಿ ಅಮ್ಮ ನನ್ನ ಮೂರು ಫೋಟೊ ಕೆಡಿಸಿದರು. ಸೇತುವೆ ಮೇಲಿನ ವಾಹನಗಳ ಬೆಳಕು ಉದ್ದ ಗೆರೆಯಾಗಿ ಮೂಡಲೆಂದು ಶಟರನ್ನು ಹತ್ತು ಸೆಕೆಂಡ್ ತೆರೆದಿಟ್ಟು, ಮೊದಲಿಗೇ ಅಮ್ಮನ ಮುಖಕ್ಕೆ ಫ್ಲಾಶ್ ಹಾಕುತ್ತಿದ್ದೆ. ಫ್ಲಾಶ್ ಮಿಂಚಿದ ಕೂಡಲೇ ಅವರು ಸೆರಗು ಸರಿಮಾಡಿಕೊಂಡು ಹೊರಟುಬಿಡುತ್ತಿದ್ದರು. ಮೂರರಲ್ಲೂ ಲಾರಿಗಳ ಬೆಳಕು ಅಮ್ಮನ ಮೈಯೊಳಗಿಂದಲೇ ಹಾದುಹೋಗಿತ್ತು.

“ನಿಂತ್ಕೊಳ್ಳಮ್ಮ, ಇನ್ನೂ ಮುಗ್ದಿಲ್ಲ.”

“ಫ್ಲಾಶ್ ಬಿತ್ತಲ್ಲೋ, ಇನ್ನೇನೈತೆ? ನಿಮ್ಮಪ್ಪ ಹಿಂಗೆ ಯಾರನ್ನೂ ಕಾಯಿಸ್ತಿರಲಿಲ್ಲ.”

ದಾವಣಗೆರೆಯ ವಿನೋಬನಗರದಲ್ಲಿ ಅಪ್ಪನ ಸ್ಟುಡಿಯೊ ಇತ್ತು. ಫ್ಲಾಶ್ ಬಿದ್ದ ತಕ್ಷಣ ಸ್ಟೂಲಿನ ಮೇಲಿದ್ದವರನ್ನು ಎಬ್ಬಿಸಿ ಮುಂದಿನವರನ್ನು ಕೂರಿಸುವುದು ಅಮ್ಮನ ಕೆಲಸ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಮದುವೆಯದೊಂದನ್ನು ಬಿಟ್ಟರೆ ಅವರಿಬ್ಬರೂ ಜೊತೆಗಿರುವ ಫೋಟೊ ಮನೆಯಲ್ಲಿಲ್ಲ. ಅಪ್ಪ ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇರುತ್ತಿದ್ದರು.

ಶಟರ್ ತೆರೆದಿರುವಷ್ಟು ಹೊತ್ತೂ ಕ್ಯಾಮೆರಾ ನೋಡುತ್ತಲೇ ಇರುತ್ತದೆ, ತಡವಾಗಿ ಬಂದ ಬೆಳಕೂ ಫೋಟೊದಲ್ಲಿ ಮೂಡುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ನಾಲ್ಕನೇ ಸಲ ಒಂದಿಷ್ಟೂ ಅಲ್ಲಾಡಲಿಲ್ಲ. ಆದರೆ ಫೋಟೊದ ನಡುಮಧ್ಯೆ ನಿಲ್ಲುವ ಬದಲು ಮೊದಲೇ ಎಡಕ್ಕೆ ಸರಿದು, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು.

“ಆತಮ್ಮ, ಬಾ, ನೋಡು.”

ಅಮ್ಮ ಕ್ಯಾಮೆರಾದ ಪರದೆಯಲ್ಲಿ ತಮ್ಮನ್ನು ನೋಡಲಿಲ್ಲ, ಪಕ್ಕದ ಜಾಗವನ್ನು ನೋಡಿದರು.

“ಇನ್ನೊಂಚೂರು ಜಾಸ್ತಿ ಹೊತ್ತು ತೆರೆದಿಡಾಕ ಬರಲ್ವೇನೋ?”

ನನ್ನ ಕ್ಯಾಮೆರಾದಲ್ಲಿ ಮೂವತ್ತು ಸೆಕೆಂಡ್‌ಗಿಂತ ಹೆಚ್ಚು ಇಡಲು ಬರುವುದಿಲ್ಲ. ಅಷ್ಟು ಹೊತ್ತು ಇಟ್ಟರೆ ಬೆಳಕು ಹೆಚ್ಚಾಗಿ ಫೋಟೊ ಬೆಳ್ಳಗೆ ಕೆಡುತ್ತದೆಂದು ಗೊತ್ತಿದ್ದೂ ಮೂವತ್ತಕ್ಕೆ ಇಟ್ಟೆ.